ಅಜ್ಜಿಯ ಕೂಗಿಗೆ ಕಡಿಮೆ ಬೆಲೆಯ ಹೆಡ್‌ಫೋನ್

ಹೋಮ್‌ಸ್ಟೇಗೆ ಬಂದುಹೋದವರು ನೆಟ್ಟಿನಲ್ಲಿ ಬರೆಯುವ ಅಭಿಪ್ರಾಯಗಳಿಗೆ ಉತ್ತರಿಸುವುದು ನನ್ನ ಕೆಲಸವಾಗಿತ್ತು. ಊಟ ಚೆನ್ನಾಗಿತ್ತು ಎಂದವರಿಗೆ ಧನ್ಯವಾದ, ಜಿಗಣೆ ಕಚ್ಚಿತು ಎಂದವರಿಗೆ ಕ್ಷಮಾಪಣೆ. ಆ ವರ್ಷ ಮಳೆ ಹಿಂದೆಗೆಯುತ್ತಿದ್ದಾಗ ಬಂದ ಒಂದು ದೂರಿಗೆ ಮಾತ್ರ ಏನು ಬರೆಯಬೇಕೆಂದು ತಿಳಿಯಲಿಲ್ಲ. ಜಾಗ ಸುಂದರವಾಗಿದೆ, ಆದರೆ ಹಿಂದಿನ ಕೋಣೆಯಲ್ಲಿ ಯಾರೋ ಹೆಂಗಸು ದಿನವಿಡೀ ಕಿರುಚುತ್ತಾಳೆ, ಮಕ್ಕಳು ಹೆದರಿದರು ಎಂದು ಅದರಲ್ಲಿತ್ತು.

ಆ ಹೆಂಗಸು ನನ್ನ ಅಜ್ಜಿ, ಅಮ್ಮನ ಅಮ್ಮ. ಮನೆ ನನ್ನ ಸೋದರಮಾವನದು. ಬಾಳೂರಿನಿಂದ ಮೇಲಕ್ಕೆ, ಜೀಪು ಮಾತ್ರ ಹತ್ತುವ ರಸ್ತೆಯ ಕೊನೆಯಲ್ಲಿದೆ. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಮುಂದಿನದು ನಿರ್ಧಾರವಾಗುವವರೆಗೆ ಅಲ್ಲಿದ್ದೆ. ಮುಂದಿನದು ಏನೆಂಬುದು ಇಲ್ಲಿ ಬೇಕಿಲ್ಲ.

ಅಜ್ಜಿ ಕಿರುಚುತ್ತಿರಲಿಲ್ಲ, ಕೂ ಹಾಕುತ್ತಿದ್ದಳು. ಗುಡ್ಡದ ಆಚೆ ಮಗ್ಗುಲಲ್ಲಿ ಕಾಫಿ ಹಣ್ಣು ಕೊಯ್ಯುತ್ತಿರುವವರನ್ನು ಸಂಜೆ ತೂಕಕ್ಕೆ ಕರೆಯಲು ಈ ಕಡೆಯ ಹೆಂಗಸರು ಗಂಟಲನ್ನು ಎತ್ತರಿಸಿ, ತೆಳ್ಳಗೆ ಮಾಡಿ ಎಸೆಯುತ್ತಿದ್ದ ದನಿ ಅದು. ಮಳೆಯನ್ನೂ ಗಾಳಿಯನ್ನೂ ಸೀಳಿಕೊಂಡು ಕಣಿವೆ ದಾಟಬೇಕಾದದ್ದು. ಮದುವೆಯಾಗಿ ಬಂದಂದಿನಿಂದ ಕಾಲಿನ ಬಲ ಹೋಗುವವರೆಗೂ ಆ ತೋಟದಲ್ಲಿ ಕೂ ಹಾಕಿದವಳು ಅಜ್ಜಿಯೇ. ಈಗ ನೆನಪು ಸಡಿಲವಾಗಿ ಯಾವ ಹೊತ್ತು, ಯಾವ ತಿಂಗಳು ಎಂಬುದು ಅಳಿಸಿಹೋಗಿತ್ತು. ಗಂಟಲು ಮಾತ್ರ ಹಾಗೇ ಉಳಿದಿತ್ತು.

"ಕೂ... ತೂಕಕ್ಕೆ ಬನ್ರೋ... ಕತ್ಲಾಯ್ತು ಬನ್ರೋ..."

ಬೆಳಗಿನ ತಿಂಡಿಯ ಹೊತ್ತಿಗೇ ಕತ್ತಲಾಗುತ್ತಿತ್ತು ಅವಳಿಗೆ.

ದೂರನ್ನು ನಾನು ಮಾವನಿಗೆ ಓದಿ ಹೇಳಿದೆ. ಅವರು ಚಿಕ್ಕಮಗಳೂರಿನ ಒಂದು ವೃದ್ಧಾಶ್ರಮದ ವಿಷಯ ಎತ್ತಿದರು. ಅದು ಹೊಸ ಮಾತಲ್ಲ. ಹೊಸದಾಗಿದ್ದುದು ಅದರ ಪಕ್ಕದಲ್ಲೇ ಬಂದ ಇನ್ನೊಂದು ಯೋಚನೆ. ಹಿಂದಿನ ವಾರ ಬಂದಿದ್ದ ಹುಡುಗನೊಬ್ಬ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಓಡುತ್ತಿದ್ದ ಜನರೇಟರ್ ಪಕ್ಕದಲ್ಲೇ ನೆಮ್ಮದಿಯಾಗಿ ಲ್ಯಾಪ್‌ಟಾಪ್ ಕುಟ್ಟುತ್ತಿದ್ದುದನ್ನು ಅವರು ನೋಡಿದ್ದರು.

"ಅಂಥವು ಕಡಿಮೆ ರೇಟಲ್ಲಿ ಸಿಗ್ತಾವಾ ನೋಡು ಮಾರಾಯ್ತಿ. ಒಂದೊಂದು ರೂಮಿಗೆ ಒಂದೊಂದು ಇಡೋಣ. ಅದು ಕೆಲ್ಸ ಮಾಡಿದ್ರೆ ಅಮ್ಮ ಇಲ್ಲೇ ಇರ್ಲಿ. ಇಲ್ಲಾಂದ್ರೆ ಸುಗ್ಗಿ ಶುರುವಾಗೋಕ್ ಮೊದ್ಲು ಬಿಟ್ಟು ಬರ್ತೀನಿ."

ಅತ್ತೆ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತದೆ ಹೇಳಿದರು, "ಅಷ್ಟು ಜನದ ಕಿವಿಗೆ ಹುಡ್ಕೋ ಬದ್ಲು ಒಂದು ಬಾಯಿಗೆ ಏನಾದ್ರೂ ಸಿಗ್ತದಾ ಅಂತ ನೋಡೇ. ಖರ್ಚೂ ಕಡಿಮೆ."

ಮಾವ ನಕ್ಕರು. ಮಾತು ಚೆನ್ನಾಗಿತ್ತು, ನನಗೂ ನಗು ಬಂತು.

ಹೀಗೆ ಅಜ್ಜಿ ಆ ಮನೆಯಲ್ಲಿ ಉಳಿಯುವುದು ಬಿಡುವುದು ಅಗ್ಗದ ಹೆಡ್‌ಫೋನಿನ ಮೇಲೆ ನಿಂತಿತು. ಹಿಂದಿರುಗಿಸಲು ಅವಕಾಶವಿದ್ದ ಮೂರು ಬಗೆಯವನ್ನು ತರಿಸಿದೆ. ಪಾರ್ಸೆಲ್ ಹುಡುಗರು ನಮ್ಮ ರಸ್ತೆ ಹತ್ತುವುದಿಲ್ಲ, ಬಾಳೂರಿನ ಅಂಗಡಿಯಲ್ಲಿ ಇಟ್ಟು ಹೋಗುತ್ತಾರೆ. ಸಂಜೆಯ ಜೀಪಿನಲ್ಲಿ ಗೊಬ್ಬರದ ಚೀಲಗಳ ಮೇಲೆ ಕೂತು ಅವು ಬಂದವು.

ಈ ಸಾಧನದ ಕೆಲಸ ಸರಳ. ಹೊರಗಿನ ಸದ್ದನ್ನು ಒಂದು ಪುಟ್ಟ ಮೈಕ್ ಕೇಳಿಸಿಕೊಳ್ಳುತ್ತದೆ, ಅದಕ್ಕೆ ಸರಿಯಾಗಿ ತಿರುವುಮುರುವಾದ ಇನ್ನೊಂದು ಸದ್ದನ್ನು ಒಳಗೆ ಹುಟ್ಟಿಸುತ್ತದೆ, ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಒಂದೇ ಸಮನೆ ಗುಂಯ್‌ಗುಡುವ ದಪ್ಪ ಸದ್ದಾದರೆ ಅಗ್ಗದ ಯಂತ್ರವೂ ಬೇಗ ತಿನ್ನುತ್ತದೆ. ಥಟ್ಟನೆ ಎದ್ದು ಏರಿಳಿಯುವ ತೆಳ್ಳನೆಯ ಸದ್ದನ್ನು ಬೆಲೆಬಾಳುವವೂ ಪೂರ್ತಿ ತಿನ್ನಲಾರವು. ಪಾಠದಲ್ಲಿ ಓದಿದ್ದೆ. ಆದರೂ ಪರೀಕ್ಷಿಸದೆ ಇಲ್ಲವೆನ್ನುವ ಸ್ವಭಾವ ನನ್ನದಲ್ಲ.

ಮೊದಲನೆಯದು ಕಿವಿಯ ತೂತಿಗೆ ಬಿರಡೆಯಂತೆ ಕೂರುವಂಥದು. ಜನರೇಟರ್ ಪಕ್ಕ ನಿಂತೆ, ಅದು ಪಕ್ಕದ ಎಸ್ಟೇಟಿಗೆ ಹೋದಂತಾಯಿತು. ಅಜ್ಜಿಯ ಬಾಗಿಲ ಮುಂದೆ ನಿಂತಾಗ ಸುತ್ತಲಿನ ಗದ್ದಲವೆಲ್ಲ ಹೋಗಿ ಅವಳೊಬ್ಬಳೇ ಉಳಿದಳು. ಕೂಗಿನ ಕೊನೆಯಲ್ಲಿ ಅವಳು ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಬರಿಗಿವಿಗೆ ಅದು ಕೇಳಿಸಿರಲೇ ಇಲ್ಲ.

ಎರಡನೆಯದು ಕಿವಿಯ ಮೇಲೆ ಕೂರುವಂಥದು, ಮೆತ್ತೆ ತೆಳು. ಅದನ್ನು ಹಾಕಿಕೊಂಡು ಒಳಗೆ ಹೋದೆ. ಅಜ್ಜಿ ಕೂಗು ನಿಲ್ಲಿಸಿ ನನ್ನನ್ನೇ ನೋಡಿದಳು.

"ಕಿವಿ ನೋವೇನೇ? ಬಟ್ಟೆ ಯಾಕ್ ಕಟ್ಕೊಂಡಿದೀಯ? ಬೆಳ್ಳುಳ್ಳಿ ಎಣ್ಣೆ ಕಾಸಿ ಬಿಡ್ತೀನಿ ಬಾ."

"ನೋವಿಲ್ಲ ಅಜ್ಜಿ."

"ಹಂಗಾರೆ ನನ್ನ ಎಲ್ಲಿಗೋ ಕಳಿಸ್ತಾರಂತಲ್ಲ, ಅದು ಹೌದೇನೇ?"

"ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ನಿನ್ನತ್ತೆ ನನ್ನ ಟ್ರಂಕು ಒರೆಸಿ ಬಿಸಿಲಿಗಿಟ್ಟಿದ್ಲು. ನಾನೆಲ್ಲಿಗೂ ಹೋಗಲ್ಲ. ಹೇಳು ಅವನಿಗೆ."

ಹೇಳುತ್ತೇನೆ ಎಂದೆ. ಅಷ್ಟರಲ್ಲಿ ಅವಳಿಗೆ ಕತ್ತಲಾಯಿತು, ಮತ್ತೆ ಕೂ ಹಾಕತೊಡಗಿದಳು. ಆ ಹೆಡ್‌ಫೋನ್ ಅದನ್ನು ಒಂದಿಷ್ಟೂ ತಗ್ಗಿಸಲಿಲ್ಲ.

ಮೂರನೆಯದು ಇಡೀ ಕಿವಿಯನ್ನು ಮುಚ್ಚುವ ದಪ್ಪ ಮೆತ್ತೆಯದು. ಎಲೆಕ್ಟ್ರಾನಿಕ್ಸಿಗಿಂತ ಹೆಚ್ಚು ಕೆಲಸವನ್ನು ಆ ಮೆತ್ತೆಯೇ ಮಾಡುತ್ತಿತ್ತು. ಅತಿಥಿಗಳ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತರೆ ಅಜ್ಜಿಯ ಕೂಗು ದೂರದ ಯಾವುದೋ ಹಕ್ಕಿಯದಾಗುತ್ತಿತ್ತು. ಅದರಲ್ಲಿ ಸಣ್ಣಗೆ ಮಳೆ ಸುರಿಯುವ ಧ್ವನಿಮುದ್ರಣವೊಂದನ್ನು ಹಾಕಿದರೆ ಆ ಹಕ್ಕಿಯೂ ಇಲ್ಲ. ಬೆವರುತ್ತದೆ, ಕನ್ನಡಕ ಹಾಕುವವರಿಗೆ ಒತ್ತುತ್ತದೆ, ಆದರೆ ಕೆಲಸ ಮಾಡುತ್ತದೆ. ನನಗೆ ಸಮಾಧಾನವಾಯಿತು.

ಮಾವ ಹಾಕಿಕೊಂಡು ನೋಡಿ, ತೆಗೆದು, ಮೇಜಿನ ಮೇಲಿಟ್ಟರು. "ಬೆಂಗ್ಳೂರಿಂದ ಮಳೆ ನೋಡಕ್ಕೆ ಬಂದೋರಿಗೆ ನಾವು ಕಿವೀಲಿ ಮಳೆ ಹಾಕೋದಾ? ರೂಮಲ್ಲೇನೋ ಸರಿ. ಹೊರಗೆ ಜಗಲೀಲಿ ಕೂತಾಗ?"

"ಜಗಲೀಲಿ ಕೂಗು ಕೇಳ್ತದೆ ಮಾವ. ಯಂತ್ರದ ಸದ್ದಾದ್ರೆ ಹೋಗ್ತದೆ. ಮನುಷ್ಯರ ದನಿ ಪೂರ್ತಿ ಹೋಗಲ್ಲ."

"ಯಂತ್ರದ್ದು ಪೂರಾ ಹೋಗ್ತದಾ?"

"ಹೆಚ್ಚುಕಡಿಮೆ ಹೋಗ್ತದೆ."

ಅವರು ಯೋಚಿಸಿದರು. ಅವರ ಮುಖದಲ್ಲಿ ಒಂದು ಬಗೆಯ ಉತ್ಸಾಹ ಬರುತ್ತಿದ್ದುದನ್ನು ನಾನು ನೋಡಿದೆ. "ಹಂಗಾದ್ರೆ ಸುಲಭ ಅಲ್ವೇನೇ. ಅಮ್ಮನ ಸದ್ದನ್ನ ಪಲ್ಪರ್ ಮುಚ್ಲಿ. ಪಲ್ಪರ್ ಸದ್ದನ್ನ ನಿನ್ನ ಡಬ್ಬ ಮುಚ್ಲಿ."

ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ಹಣ್ಣು ಇನ್ನೂ ಹಸಿರಾಗಿದ್ದ ಕಾಲ, ಅದಕ್ಕೆ ಕೆಲಸವಿರಲಿಲ್ಲ. ಬರೀ ನೀರು ಬಿಟ್ಟು ಓಡಿಸುವುದು ಮಾವನ ಉಪಾಯ. ನಾನು ವಿವರಿಸಲು ಹೋದೆ. ಹೆಡ್‌ಫೋನ್ ಪಲ್ಪರನ್ನು ತೆಗೆದರೆ ಅದರ ಅಡಿಯಲ್ಲಿದ್ದ ಅಜ್ಜಿಯ ದನಿ ಮತ್ತೆ ಮೇಲೆ ಬರುತ್ತದೆ, ಎರಡು ಮುಚ್ಚಳ ಹಾಕಿದಂತಲ್ಲ, ಹಾಕಿದ್ದನ್ನು ತೆಗೆದಂತೆ ಎಂದೆ. ಮಾವ ಕೈ ಬೀಸಿದರು. "ನಿಮ್ಮ ಕಾಲೇಜಿನ ಲೆಕ್ಕ ಬೇರೆ, ತೋಟದ ಲೆಕ್ಕ ಬೇರೆ."

ಮುಂದಿನ ಶನಿವಾರ ಜಗಲಿಯಲ್ಲಿ ಅತಿಥಿಗಳು ತುಂಬಿದ್ದರು. ಕಾಫಿ, ಬಾಳೆಕಾಯಿ ಚಿಪ್ಸು, ಜೊತೆಗೆ ಇನ್ನಷ್ಟು ತರಿಸಿದ್ದ ಮೂರನೆಯ ಬಗೆಯ ಹೆಡ್‌ಫೋನ್. ಮಾವ ಸನ್ನೆ ಮಾಡಿದರು, ಕೆಳಗಡೆ ಪಲ್ಪರ್ ಗಡಗಡ ಎದ್ದಿತು.

ತೋಟದ ಲೆಕ್ಕದಲ್ಲೂ ಒಂದು ತಪ್ಪಿತ್ತು. ಅದನ್ನು ಆ ಮನೆಯಲ್ಲಿ ಹುಟ್ಟಿ ಬೆಳೆದ ಮಾವ ಮರೆತಿದ್ದರು. ತೋಟದ ಹತ್ತಿರದ ಭಾಗದ ಹಣ್ಣು ಬಂದು ಪಲ್ಪರ್ ಶುರುವಾಯಿತೆಂದರೆ ದೂರದ ಭಾಗದಲ್ಲಿ ಕೊಯ್ಯುವವರನ್ನು ಕರೆಯುವ ಹೊತ್ತು ಎಂದು ಅರ್ಥ. ಅಜ್ಜಿ ಜೀವಮಾನವಿಡೀ ಆ ಗಡಗಡಕ್ಕೆ ಎದ್ದು ಕೂ ಹಾಕಿದವಳು. ದಿನವಿಡೀ ಹೊತ್ತುಗೊತ್ತಿಲ್ಲದೆ ಕರೆಯುತ್ತಿದ್ದವಳಿಗೆ ಈಗ ಸರಿಯಾದ ಹೊತ್ತು ಸಿಕ್ಕಿತು. ಗೋಡೆ ಹಿಡಿದು ಹಿತ್ತಿಲ ಬಾಗಿಲಿಗೆ ಬಂದಳು. ಯಂತ್ರವನ್ನು ಮೀರಿಸಬೇಕೆಂದು ಅವಳಿಗೆ ತಿಳಿದಿತ್ತು, ಮೀರಿಸಿದಳು. ಅಂಥ ಕೂ ನಾನು ಅದುವರೆಗೆ ಕೇಳಿರಲಿಲ್ಲ.

ಜಗಲಿಯಲ್ಲಿ ಹೆಡ್‌ಫೋನ್ ಹಾಕಿಕೊಂಡವರು ಒಬ್ಬೊಬ್ಬರಾಗಿ ತಲೆ ಎತ್ತಿದರು. ಅವರ ಕಿವಿಯಲ್ಲಿ ಪಲ್ಪರ್ ಇರಲಿಲ್ಲ. ಅಜ್ಜಿ ಮಾತ್ರ ಇದ್ದಳು.

ಒಬ್ಬ ಗಂಡಸು ಎದ್ದು ದನಿಯ ಜಾಡು ಹಿಡಿದು ಮನೆಯ ಹಿಂದಕ್ಕೆ ಹೋದ. ಅತ್ತೆ ತಡೆಯಲು ಓಡಿದರು. ಮಾವನ ಮುಖ ಬಿಳುಚಿತು. ಮರುದಿನವೇ ಟ್ರಂಕು ಜೀಪು ಹತ್ತುತ್ತದೆಂದು ನನಗೆ ಖಚಿತವಾಯಿತು. ಆ ಗಂಡಸು ವಾಪಸು ಬಂದ, ಕಣ್ಣು ಅಗಲಿಸಿಕೊಂಡು. ಇಂಥ ಅನುಭವ ಇಟ್ಟುಕೊಂಡು ನೀವು ವೆಬ್‌ಸೈಟಿನಲ್ಲಿ ಯಾಕೆ ಹಾಕಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅವನ ಹೆಂಡತಿ ಆಗಲೇ ಫೋನು ಎತ್ತಿಕೊಂಡು ಹಿಂದಕ್ಕೆ ಹೋಗಿದ್ದಳು.

ಮಾವ ನನ್ನತ್ತ ತಿರುಗಿ, "ಅನುಭವ ಅಂದ್ನಾ?" ಎಂದರು.

ಟ್ರಂಕು ಒಳಗೆ ಹೋಯಿತು. ಮಾರನೆಯ ವಾರದಿಂದ ಅಜ್ಜಿಯನ್ನು ದಿನಾ ಸಂಜೆ ಮುಂದಿನ ಅಂಗಳದಲ್ಲಿ ಕೂರಿಸಲಾಯಿತು. ಅತ್ತೆಯೇ ಅವಳಿಗೆ ಇಳಕಲ್ ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ಹಳೆಯ ತಕ್ಕಡಿಯನ್ನು ಮುಂದಿಟ್ಟರು. "ಎಷ್ಟು ಲಕ್ಷಣವಾಗಿ ಕಾಣ್ತಾರೆ ನೋಡು. ಇಷ್ಟು ದಿನ ಸುಮ್ನೆ ಒಳಗಿಟ್ಟಿದ್ವಿ," ಎಂದರು. ಪಲ್ಪರ್ ಶುರು ಮಾಡಿದರೆ ಸಾಕು, ಉಳಿದದ್ದು ಅಜ್ಜಿಯೇ ನೋಡಿಕೊಳ್ಳುತ್ತಿದ್ದಳು. ಅತಿಥಿಗಳು ಸುತ್ತ ನಿಂತು ತಾವೂ ಕೂ ಹಾಕುತ್ತಿದ್ದರು. ಮೊದಮೊದಲು ಅವಳಿಗೆ ಸಂತೋಷವಾಗುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಗುಡ್ಡದವರು ಓಗೊಡುತ್ತಿದ್ದರು. ಆದರೆ ಓಗೊಟ್ಟವರು ಯಾರೂ ಚೀಲ ತರುತ್ತಿರಲಿಲ್ಲ. ಅವಳು ತಕ್ಕಡಿ ಹಿಡಿದು ಕಾಯುತ್ತಿದ್ದಳು. ಒಬ್ಬಳು ಹುಡುಗಿ ತಮಾಷೆಗೆ ತನ್ನ ಕೈಚೀಲವನ್ನು ತಟ್ಟೆಯಲ್ಲಿಟ್ಟಳು. ಅಜ್ಜಿ ಅದನ್ನು ಬಿಚ್ಚಿ ನೋಡಿ, "ಬರೀ ಕಸ ತಂದೀಯಲ್ಲೇ, ನಾಳೆಯಿಂದ ಬರ್ಬೇಡ," ಎಂದಳು. ಅದನ್ನು ಅನುವಾದಿಸಿ ಹೇಳಿ ಎಂದು ಎಲ್ಲರೂ ನನ್ನನ್ನು ಕೇಳಿದರು. ಹೇಳಿದೆ. ತುಂಬ ನಕ್ಕರು.

ನೆಟ್ಟಿನಲ್ಲಿ ಒಳ್ಳೆಯ ಮಾತುಗಳು ಬಂದವು. ನಾನು ಧನ್ಯವಾದ ಬರೆದೆ. ಹೆಡ್‌ಫೋನ್‌ಗಳನ್ನು ಪೆಟ್ಟಿಗೆಗೆ ಹಾಕಿ ಹಿಂದಿರುಗಿಸಿದೆ. ಕಾರಣ ಕೇಳಿದ ಜಾಗದಲ್ಲಿ 'ಅಗತ್ಯವಿಲ್ಲ' ಎಂಬುದನ್ನು ಆಯ್ದುಕೊಂಡೆ.

ಹಣ್ಣು ಕೆಂಪಾಗುವ ಹೊತ್ತಿಗೆ ಅಜ್ಜಿಯ ಗಂಟಲು ಒಡೆಯಿತು. ಮೊದಲು ಕೂಗಿನ ತುದಿ ಮುರಿಯಿತು, ಆಮೇಲೆ ಗಾಳಿ ಮಾತ್ರ ಬಂತು. ಮೂಡಿಗೆರೆಯ ಡಾಕ್ಟರು ಕೆಲವು ತಿಂಗಳು ಮಾತೇ ಆಡಿಸಬೇಡಿ ಎಂದರು. ವರ್ಷದ ಕೊನೆಯ ಬುಕಿಂಗ್ ಎಲ್ಲ ಆಗಲೇ ತುಂಬಿತ್ತು. ಡಾಕ್ಟರಲ್ಲಿಂದ ವಾಪಸು ಬರುವ ದಾರಿಯಲ್ಲಿ ಜೀಪಿನ ಮುಂದಿನ ಸೀಟಿನಿಂದ ಮಾವ ಹಿಂದೆ ತಿರುಗದೆ ಹೇಳಿದರು, "ಒಂದು ಮೈಕ್ ನೋಡು ಮಾರಾಯ್ತಿ. ಸೀರೆಗೆ ಸಿಕ್ಕಿಸೋವಂಥದ್ದು. ಜಾಸ್ತಿ ರೇಟಿನದು ಬೇಡ."

ನಾನು ಆಗುವುದಿಲ್ಲವೆಂದರೆ ಟ್ರಂಕು ಮತ್ತೆ ಹೊರಗೆ ಬರುತ್ತದೆಂದು ನನಗೂ ಗೊತ್ತಿತ್ತು, ನನ್ನ ಪಕ್ಕ ಕೂತು ನನ್ನ ಕೈ ಹಿಡಿದುಕೊಂಡಿದ್ದ ಅಜ್ಜಿಗೂ ಗೊತ್ತಿದ್ದಿರಬೇಕು. ನೋಡುತ್ತೇನೆ ಎಂದೆ.

ಮೈಕ್ ಚೆನ್ನಾಗಿಯೇ ಇತ್ತು. ಗಾಳಿಯ ಸದ್ದು ತುಸು ಹಿಡಿಯುತ್ತಿತ್ತು ಎಂಬುದು ಬಿಟ್ಟರೆ ಆ ಬೆಲೆಗೆ ದೂರುವಂಥದ್ದೇನೂ ಇರಲಿಲ್ಲ. ಮೊದಲ ಸಂಜೆ ಅದನ್ನು ಅಜ್ಜಿಯ ಸೆರಗಿಗೆ ಸಿಕ್ಕಿಸಿ, ಸ್ಪೀಕರನ್ನು ಅಂಗಳದ ಅಂಚಿನಲ್ಲಿಟ್ಟೆ. ಪಲ್ಪರ್ ಎದ್ದಿತು. ಅತಿಥಿಗಳು ಫೋನು ಎತ್ತಿ ಹಿಡಿದರು. ಅಜ್ಜಿ ಕೂ ಹಾಕಲಿಲ್ಲ. ಅವರನ್ನೆಲ್ಲ ಒಂದು ಸುತ್ತು ನೋಡಿ, ನನ್ನ ಕಿವಿಗೆ ಹೇಳುವಂತೆ ಪಿಸುಗುಟ್ಟಿದಳು. ಅದು ಯಂತ್ರದ ಸದ್ದಿನ ಮೇಲೂ ಇಡೀ ಅಂಗಳಕ್ಕೆ ಸ್ಪಷ್ಟವಾಗಿ ಕೇಳಿಸಿತು.

"ಇವ್ರೆಲ್ಲ ಯಾರೇ? ಯಾರತ್ರಾನೂ ಹಣ್ಣಿಲ್ಲ. ಕಳ್ಸೇ ಇವ್ರನ್ನ. ನಂಗೆ ಸಾಕಾಗಿದೆ."

ಕನ್ನಡ ಬಾರದವರು ಚಪ್ಪಾಳೆ ತಟ್ಟಿದರು. ಮಾವ ಮೆಟ್ಟಿಲ ಮೇಲೆ ನಿಂತೇ, ದನಿ ಇನ್ನೂ ಸ್ವಲ್ಪ ಏರಿಸು ಎಂದು ನನಗೆ ಬೆರಳಿನಲ್ಲಿ ಸನ್ನೆ ಮಾಡಿದರು.