ಜನನದ ಪುಸ್ತಕದಲ್ಲಿ ಎರಡು ಸಾಲು

ನಾನು ಸಾಕುಮಗಳು ಎಂಬುದು ಮನೆಯಲ್ಲಿ ಗುಟ್ಟಾಗಿರಲಿಲ್ಲ. ನಮ್ಮ ಅಳಿಯಕಟ್ಟಿನ ಮನೆಗಳಲ್ಲಿ ವಂಶ ಮುಂದುವರಿಯುವುದು ಹೆಣ್ಣಿನಿಂದ. ಮಾವನ ಒಬ್ಬಳೇ ತಂಗಿಗೆ ಮಕ್ಕಳಾಗಲಿಲ್ಲವೆಂದು ಎಲ್ಲಿಂದಲೋ ಒಂದು ಹೆಣ್ಣುಮಗುವನ್ನು ತಂದುಕೊಂಡರು, ಅದೇ ನಾನು. ಹೆತ್ತವಳು ಹೆರಿಗೆಯಲ್ಲೇ ತೀರಿಹೋದಳು ಎಂದು ಮಾವ ಹೇಳುತ್ತಿದ್ದರು. ನಂಬಿದ್ದೆ.

ಅಕ್ಕಿಗೂ ಕಾರ್ಡು ಹಿಡಿದು ನಿಲ್ಲಬೇಕಾಗಿದ್ದ ಯುದ್ಧದ ಕಾಲದಲ್ಲಿ ನಾನು ಬಸುರಿಯಾದೆ. ಏಳು ತಿಂಗಳಾದಾಗ ಹೆದರಿಕೆ ಹಿಡಿಯಿತು. ಹೆತ್ತವಳ ಹಾಗೆ ನಾನೂ ಹೋದರೆ? ಅವಳು ಸತ್ತದ್ದು ಯಾವುದರಿಂದ, ನಂಜೇರಿಯೋ, ರಕ್ತ ಹೋಗಿಯೋ? ಮನೆಯಲ್ಲಿ ಕೇಳಿದರೆ ಒಬ್ಬರೂ ಬಾಯಿಬಿಡಲಿಲ್ಲ. ಅವಳ ಹೆಸರು, ನಾನು ಹುಟ್ಟಿದ ದಿನ ಗೊತ್ತಿತ್ತು. ಗಂಡನನ್ನು ಕರೆದುಕೊಂಡು ಮುನಿಸಿಪಾಲಿಟಿಗೆ ಹೋದೆ.

ಗುಮಾಸ್ತರು ಮರಣದ ಪುಸ್ತಕ ತೆರೆದು ಆ ತಿಂಗಳಿಡೀ ಹುಡುಕಿದರು. ಆ ಹೆಸರಿನ ಹೆಂಗಸು ಸತ್ತೇ ಇರಲಿಲ್ಲ. ಜನನದ ಪುಸ್ತಕ ತೆಗೆದವರು ನನ್ನ ಮುಖ ನೋಡಿದರು.

"ಇಲ್ಲಿ ಎರಡು ಉಂಟಲ್ಲ ಅಮ್ಮ. ಒಂದೇ ತಾಯಿ, ಒಂದೇ ದಿನ. ಎರಡೂ ಹೆಣ್ಣು."

ಮತ್ತೆ ಮರಣದ ಪುಸ್ತಕ. ಹುಟ್ಟಿದ ಐದು ತಿಂಗಳಿಗೆ, ಅದೇ ತಾಯಿಯ ಒಂದು ಹೆಣ್ಣುಶಿಶು. ಕಾರಣ: ಕ್ಷೀಣತೆ.

ಮನೆಗೆ ಬಂದಾಗ ಸಾಕಿದಮ್ಮ ಹಿತ್ತಿಲಲ್ಲಿ ಬೂತಾಯಿ ಮೀನು ಶುಚಿ ಮಾಡುತ್ತಿದ್ದರು. ಕೇಳಿದೆ. ಕೈ ಕೂಡ ನಿಲ್ಲಿಸಲಿಲ್ಲ.

"ನಿನಗೆ ಹಾಲು ಕೊಡ್ಲಿಕ್ಕೆ ಹೆತ್ತವಳನ್ನೇ ಇಲ್ಲಿ ಇಟ್ಟುಕೊಂಡದ್ದು ಮಾರಾಯ್ತಿ. ಹಾಲು ಎರಡು ಪಾಲಾಗುದು ಬೇಡ ಅಂತ ನಿನ್ನ ಮಾವನೇ ಹೇಳಿದ್ದು. ಇನ್ನೊಂದಕ್ಕೆ ಅದರ ಅಜ್ಜಿ ಗಂಜಿತೆಳಿ ಕುಡಿಸ್ತಿದ್ರು. ಉಳಿಯಲಿಲ್ಲ. ಎಂತ ಮಾಡುದು?"

"ಹೆತ್ತವಳು ಸತ್ತಳು ಅಂತ ನನಗೆ ಹೇಳಿದ್ದು ಎಂತಕ್ಕೆ?"

"ನೀನು ಹುಡುಕಿಕೊಂಡು ಹೋಗಬಾರದಲ್ಲ."

ವಾಂತಿ ಬಂತು. ಬಸುರಿಯ ವಾಂತಿ ಎಂದು ಆಕೆ ನಿಂಬೆಹುಳಿ ತಂದರು. ಚಿಕ್ಕಂದಿನಲ್ಲಿ ನಾನು ಎಷ್ಟು ಗುಂಡಗಿದ್ದೆ ಎಂದು ಈ ಮನೆಯವರು ಬಂದವರಿಗೆಲ್ಲ ಹೇಳಿಕೊಂಡು ಮೆರೆದದ್ದು ನೆನಪಾಗಿ ನನ್ನ ಮೈಯ ಮೇಲೆಯೇ ನನಗೆ ಹೇಸಿಗೆ ಹುಟ್ಟಿತು. ಮಾವನಂತೂ ವೀಳ್ಯ ಜಗಿಯುತ್ತ, "ನಿನಗೆ ಎಂತ ಕಡಿಮೆ ಮಾಡಿದ್ದೇವೆ?" ಎಂದು ನನ್ನನ್ನೇ ಕೇಳಿದರು. ಥೂ, ಆ ಕೆಂಪು ಬಾಯಿ! ಅಂದಿನಿಂದ ಅವರಿಗೆ ಬಡಿಸಲು ನನ್ನ ಕೈ ಏಳಲಿಲ್ಲ.

ಪುಸ್ತಕದಲ್ಲಿದ್ದ ವಿಳಾಸ ಹಿಡಿದು ಹುಡುಕಿದೆ. ಹೆತ್ತವಳು ಇದ್ದದ್ದು ಬಂದರಿನಲ್ಲೇ, ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಗೋದಾಮಿನ ಜಗಲಿಯಲ್ಲಿ ಒಣಶುಂಠಿ ಹೆಕ್ಕುತ್ತಿದ್ದಳು. ನಾನು ಯಾರೆಂದು ಹೇಳಿದೆ. ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಮೊರ ಪಕ್ಕಕ್ಕಿಟ್ಟು, ಕೈಯ ಧೂಳನ್ನು ಸೀರೆಗೆ ಒರೆಸಿಕೊಂಡು ಎದ್ದು ಬಂದಳು. ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಅತ್ತ ಇತ್ತ ಒತ್ತಿ ನೋಡಿದಳು.

"ಒಂದೇ ಅಲ್ವಾ?" ಎಂದು ಕೇಳಿದಳು.