ತುಂಬಿದ ಟಬ್ಬಿನ ಅಂಚು

ಅಣ್ಣ ತೀರಿಕೊಂಡ ಸುದ್ದಿ ಬಂದಾಗ ಒಂಬತ್ತನೆಯ ಟೈಲ್ಸು ಬಚ್ಚಲಮನೆಯ ಗೋಡೆಯಿಂದ ಅರ್ಧ ಬಿಟ್ಟುಕೊಂಡಿತ್ತು. ಕೈ ಬಿಟ್ಟರೆ ಬಿದ್ದು ಚೂರಾಗುತ್ತಿತ್ತು. ಕೆಲಸದಲ್ಲಿದ್ದ ತಂಗಿ ಅದನ್ನು ಪೂರ್ತಿ ಬಿಡಿಸಿ, "ಇದನ್ನ ಹಿಡ್ಕೊಳ್ಳಿ ಅಜ್ಜಿ" ಎಂದು ಮನೆಯೊಡತಿಯ ಕೈಗಿಟ್ಟು, ಬರಿಗಾಲಲ್ಲೇ ಹೊರಟುಹೋದರು. ಬೆಳಿಗ್ಗೆ ಬರೀ ಜ್ವರವೆಂದು ಮಲಗಿದ್ದ ಅಣ್ಣ.

ಇದಾಗಿ ಹದಿನೆಂಟು ದಿನ. ಇನ್ನೂ ಬೆಳಕು ಹರಿಯುತ್ತಿದೆ. ಅದೇ ಬಚ್ಚಲಮನೆಯಲ್ಲಿ ಅವರು ಮಂಡಿಯೂರಿ ಕೂತು, ಹಳೆಯದನ್ನು ತೆಗೆದು ಇಟ್ಟ ಹೊಸ ಸ್ನಾನದ ಟಬ್ಬಿನ ಮೇಲೆ ಆ ಒಂಬತ್ತು ಟೈಲ್ಸುಗಳನ್ನು ಮರಳಿ ಕೂರಿಸುತ್ತಿದ್ದಾರೆ. ಕೆಲಸದವರ ಬಾಯಲ್ಲಿ ಇವರು ಅಂಚಿನಕ್ಕ.

ಹಳೆಯ ಟಬ್ಬಿನ ಅಂಚು ಗೋಡೆಯ ಟೈಲ್ಸಿನ ಹಿಂದೆ ಹುದುಗಿರುತ್ತದೆ. ಬೇರೆಯವರು ಗೋಡೆಯನ್ನೇ ಒಡೆಯುತ್ತಾರೆ. ಅಂಚಿನಕ್ಕ ಕೆಳಗಿನ ಸಾಲನ್ನು ಮಾತ್ರ ಬಿಡಿಸುತ್ತಾರೆ: ಸಂದಿಯ ಸಿಮೆಂಟನ್ನು ಬ್ಲೇಡಿನಿಂದ ಕೆರೆದು, ಒಂದೊಂದಾಗಿ ತೆಗೆದು, ಪ್ರತಿಯೊಂದರ ಬೆನ್ನಿಗೂ ಅಂಕಿ ಬರೆದು. ಒಂದು ಸಾಲಿಗೆ ಅರ್ಧ ದಿನ. ಇಪ್ಪತ್ತೆರಡು ವರ್ಷದಲ್ಲಿ ನಾನೂರಕ್ಕೂ ಹೆಚ್ಚು ಟಬ್ಬು. ಒಡೆದ ಟೈಲ್ಸು ಹನ್ನೊಂದು. ಹನ್ನೊಂದೂ ಯಾವ ಯಾವ ಮನೆಯದೆಂದು ಇಂದಿಗೂ ನೆನಪಿದೆ.

ಗಾರೆ ಕೆಲಸದ ಅಪ್ಪ ಕಲಿಸಿದ ವಿದ್ಯೆ ಇದು. ಹೆಣ್ಣಾಳು ಟಬ್ಬು ಕೂರಿಸುತ್ತಾಳೆಯೇ ಎಂದು ಮೂಗು ಮುರಿದವರಿಗೆಲ್ಲ ಅಣ್ಣನದೇ ಉತ್ತರ: "ಕೂರಿಸೋಳು ಅವಳು. ಕೂರೋನು ನಾನು."

ಅದು ಬರೀ ತಮಾಷೆಯಲ್ಲ. ಟಬ್ಬು ಖಾಲಿಯಿದ್ದಾಗಲೇ ಅಂಚಿನ ಸಂದಿ ಮುಚ್ಚುವ ಸಿಲಿಕಾನ್ ಅಂಟು ಹಚ್ಚಿದರೆ, ಮುಂದೆ ನೀರಿನ ಭಾರ, ಆಳಿನ ಭಾರ ಬಿದ್ದಾಗ ಟಬ್ಬು ಕೂದಲೆಳೆಯಷ್ಟು ಇಳಿದು ಅಂಚು ಬಿರಿಯುತ್ತದೆ. ಹಾಗಾಗಿ ನೀರು ತುಂಬಿಸಿ, ಅಣ್ಣ ಬಟ್ಟೆಯ ಸಮೇತ ಒಳಗೆ ಕೂರುತ್ತಿದ್ದರು. ತಂಗಿ ಸುತ್ತಲೂ ಅಂಟು ಹಚ್ಚಿ, ನಯವಾಗಲೆಂದು ಬೆರಳೆಳೆಯುತ್ತಿದ್ದರು. ದಪ್ಪ ಹೊಟ್ಟೆಗೆ ಸಂಬಳ ಸಿಗುವ ಕೆಲಸ ಲೋಕದಲ್ಲಿ ಇದೊಂದೇ ಎಂದು ಅಣ್ಣ ನಗಿಸುತ್ತಿದ್ದರಂತೆ.

ಮನೆಯ ಅಜ್ಜಿಗೆ ಹಳೆಯ ಟಬ್ಬಿನ ಎತ್ತರದ ಅಂಚು ದಾಟಲು ಮಂಡಿ ಏಳುತ್ತಿರಲಿಲ್ಲ. ಗಿರಣಿಯಲ್ಲಿ ದುಡಿದು ಕೊಂಡ ತಿಳಿಹಸಿರು ಟೈಲ್ಸು ಈಗ ಎಲ್ಲೂ ಸಿಗುವುದಿಲ್ಲ. ಈ ಹದಿನೆಂಟು ದಿನದಲ್ಲಿ, ಎರಡೇ ದಿನದಲ್ಲಿ ಗೋಡೆ ಸಮೇತ ಹೊಸದು ಮಾಡಿಕೊಡುತ್ತೇವೆ ಎಂದು ಬಂದವರನ್ನು ಅವರು ಬಾಗಿಲಲ್ಲೇ ಕಳಿಸಿದ್ದಾರೆ. ಒಂಬತ್ತು ಟೈಲ್ಸನ್ನೂ ರಗ್ಗಿನಲ್ಲಿ ಸುತ್ತಿ ಮಂಚದ ಕೆಳಗಿಟ್ಟು, ಬಕೆಟ್ಟಿನ ನೀರಲ್ಲಿ ದಿನ ದೂಡಿದ್ದಾರೆ.

ಸಾಲು ಮುಗಿಯುತ್ತದೆ. ಒಂದೂ ಒಡೆದಿಲ್ಲ. ಸಿಮೆಂಟು ಒಣಗಲೆಂದು ಒಂದು ದಿನ ಬಿಟ್ಟು, ಮರುದಿನ ಟಬ್ಬು ತುಂಬಿಸುತ್ತಾರೆ. ಸಿಲಿಕಾನ್ ಕೈಯಲ್ಲಿ ಹಿಡಿದು ಅಂಚಿನಕ್ಕ ಟಬ್ಬಿನ ಪಕ್ಕ ಮಂಡಿಯೂರುತ್ತಾರೆ. ಕೂರುವವರಿಲ್ಲ.

ಅಜ್ಜಿ ಕೋಲನ್ನು ಗೋಡೆಗೆ ಒರಗಿಸುತ್ತಾರೆ. "ಕೈ ಕೊಡು ಮಗಳೇ. ನಾನು ಕೂರ್ತೀನಿ. ನಿಮ್ಮಣ್ಣನಷ್ಟು ತೂಕ ಇಲ್ಲ, ಆದ್ರೆ ದಿನಾ ಕೂರೋಳು ನಾನೇ ತಾನೇ?"

ಆಕೆಯ ಕಾಲು ತಗ್ಗಿನ ಅಂಚನ್ನು ಸಲೀಸಾಗಿ ದಾಟುತ್ತದೆ. ಅಂಚಿನಕ್ಕ ಕಣ್ಣೊರೆಸಿಕೊಂಡು ಬೆರಳೆಳೆಯುತ್ತಾರೆ, ಮೂಲೆಯಿಂದ ಮೂಲೆಗೆ, ನಿಲ್ಲಿಸದೆ.

ಇಡೀ ದಿನ ನಿಂತ ನೀರನ್ನು ಮರುದಿನ ಬೆಳಿಗ್ಗೆ ಬಿಟ್ಟರೆ, ಎಲ್ಲೂ ಬಿರುಕಿಲ್ಲ. ಅಂಚಿನಕ್ಕ ಅಂಚಿನುದ್ದಕ್ಕೂ ಉಗುರಾಡಿಸಿ ನೋಡುತ್ತಾರೆ. "ಅಣ್ಣ ಹೀಗೇ ನೋಡಿ ಸುಮ್ನಾಗ್ತಿದ್ದ. ಸುಮ್ನಾದ ಅಂದ್ರೆ ಚೆನ್ನಾಗಿದೆ ಅಂತ." ನಾಳೆ ಇನ್ನೊಂದು ಮನೆಯಿದೆ, ಅಲ್ಲಿಯೂ ಮನೆಯವರನ್ನೇ ಕೂರಿಸುತ್ತಾರಂತೆ.

ಇಪ್ಪತ್ತೆರಡು ವರ್ಷ ಕಂಡವರ ಮನೆಯಲ್ಲಿ ಭಾರವಾಗಿ ಕೂತು ನಗಿಸಿದ ಆ ಜೀವ ಈಗ ಹಗುರಾಗಿದೆ. ದೇವರು ಅದನ್ನು ತನ್ನ ಪಕ್ಕದಲ್ಲಿ ನೆಮ್ಮದಿಯಾಗಿ ಕೂರಿಸಿಕೊಳ್ಳಲಿ.