ಗೋಡೆಯ ಮೇಲಿನ ಲಾರಿ

ನಮ್ಮ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನಲ್ಲಿ ಇದ್ದಿಲ ಮಸಿ ಕೂತುಬಿಟ್ಟಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಮಗಳ ಮದುವೆಯಲ್ಲಿ ಅಕ್ಕಿಕಾಳು ಹಾಕಿದ್ದೂ ಆ ಕರಿ ಉಗುರಿನ ಕೈಯಿಂದಲೇ.

ಅಕ್ಕಿಆಲೂರಿನ ಆ ಮನೆಗೆ ನಾನು ಸೊಸೆಯಾಗಿ ಬರುವಷ್ಟರಲ್ಲಿ ಮಾವ ತೀರಿಕೊಂಡಿದ್ದರು. ಬಿಟ್ಟುಹೋದದ್ದು ತುಂಡು ಹೊಲ, ಎರಡು ಎಮ್ಮೆ, ಒಂದು ಲಾರಿ. ದೊಡ್ಡ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಹಳೆಯ ಗಾಡಿ ಅದು. ಗಿರಣಿಯಿಂದ ಅಕ್ಕಿಚೀಲ ಹೇರಿಕೊಂಡು ಸವಣೂರಿಗೆ, ಹಿರೇಕೆರೂರಿಗೆ ಹೋಗಿಬರುತ್ತಿತ್ತು. ಓಡಿಸುವವನು ಸವಣೂರಿನ ಒಬ್ಬ ಮುಸಲ್ಮಾನ, ಅತ್ತೆಯ ವಾರಿಗೆಯವನು. ಲಾರಿಯ ಉಸ್ತುವಾರಿ ನನ್ನ ಗಂಡನದು ಅಂತ ಊರವರು ತಿಳಿದಿದ್ದರು. ಅಲ್ಲ, ಅತ್ತೆಯದು. ಆಕೆ ಒಂದು ದಿನವೂ ಆ ಲಾರಿ ಹತ್ತಲಿಲ್ಲ.

ನನಗೆ ಅಕ್ಷರ ಅಷ್ಟಕ್ಕಷ್ಟೆ. ಆಕೆಗೆ ಅದೂ ಇರಲಿಲ್ಲ. ಎಮ್ಮೆಯ ಲೆಕ್ಕವನ್ನು ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಇಡುತ್ತಿದ್ದಳು. ಅಮಾವಾಸ್ಯೆಗೊಂದು ಉದ್ದ ಗೆರೆ. ಗೆರೆಗಳ ನಡುವೆ ಎಮ್ಮೆ ಈದದ್ದು, ಬತ್ತಿದ್ದು. ಮಾವ ಹೋದ ಮೇಲೆ ಎಮ್ಮೆಯ ಸಾಲಿನ ಕೆಳಗೆ ಲಾರಿಯ ಸಾಲು ಬಂತು. ಎಂಜಿನ್ ಎಣ್ಣೆ ಬದಲಿಸಿದರೆ ಚುಕ್ಕೆ, ಗ್ರೀಸು ತುಂಬಿದರೆ ಸುರುಳಿ, ಬ್ರೇಕಿನ ಸವೆಯುವ ಪಟ್ಟಿ, ಲೈನರ್, ಹೊಸದು ಹಾಕಿದರೆ ಅಡ್ಡಗೆರೆ. ಡ್ರೈವರ್ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ತೆಗೆದ ಹಳೆಯ ಎಣ್ಣೆ ತಂದು ತೋರಿಸಬೇಕು. ಎರಡು ಬೆರಳ ನಡುವೆ ತಿಕ್ಕಿ, ಮೂಸಿ, ಆಮೇಲೆ ಚುಕ್ಕೆ ಇಡುತ್ತಿದ್ದಳು.

"ಅಕ್ಕಾರ, ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ?" ಅಂತ ಅವನು ಕೇಳುತ್ತಿದ್ದ.

"ನಿನ್ನ ಮ್ಯಾಲ ಐತಿ ತಮ್ಮಾ. ನಿನ್ನ ನೆನಪಿನ ಮ್ಯಾಲ ಇಲ್ಲ. ನನ್ನ ನೆನಪಿನ ಮ್ಯಾಲೂ ಇಲ್ಲ."

ಗೋಡೆಯಲ್ಲಿ ಇಲ್ಲದ್ದು ಆಕೆಯ ಪಾಲಿಗೆ ಆಗಿಯೇ ಇಲ್ಲ. "ಗೊತ್ತಿಲ್ಲ ಅಂದ್ರ ಮಾಡಿಲ್ಲ ಅಂತ ತಿಳಕೋಬೇಕು" ಅನ್ನುತ್ತಿದ್ದಳು.

ನಾನು ಬಂದ ವರ್ಷ ಮೂರನೆಯ ಸಾಲು ಶುರುವಾಯಿತು. ನಾನು ಶಿಗ್ಗಾಂವಿಗೆ, ತವರಿಗೆ, ಹೋದರೆ ಒಂದು ಓರೆಗೆರೆ. ತಿರುಗಿ ಬಂದರೆ ಅದರ ಮೇಲೆ ಇನ್ನೊಂದು, ಕತ್ತರಿಯ ಹಾಗೆ. ಎಮ್ಮೆಯ ಕೆಳಗೆ ಲಾರಿ, ಲಾರಿಯ ಕೆಳಗೆ ನಾನು. ಸಿಟ್ಟು ಬಂತು, ನುಂಗಿಕೊಂಡೆ. ಪ್ರೀತಿ ತೋರಿಸುವ ಹೆಂಗಸಲ್ಲ ಆಕೆ. ಬೆಲ್ಲದ ಗಡಿಗೆಯ ಮೇಲೂ ಕಣ್ಣಿಟ್ಟಿರುತ್ತಿದ್ದಳು.

ನಾದಿನಿಯ ಮದುವೆ ಚಿಕ್ಕೇರೂರಿಗೆ ಗೊತ್ತಾಯಿತು. ದಿಬ್ಬಣ ನಮ್ಮ ಲಾರಿಯಲ್ಲೇ ಹೋಗುವುದು ಅಂತ ಮಾತು. ಹೊರಡುವ ದಿನ ಅತ್ತೆ ಬೆಳಿಗ್ಗೆ ಹಾನಗಲ್ಲಿಗೆ ಸೀರೆ ತರಲು ಹೋದಳು. ನಾನು ಹಿಟ್ಟಿನ ಗಿರಣಿಯಲ್ಲಿದ್ದೆ. ಹಂಸಭಾವಿಯಿಂದ ಬಂದಿದ್ದ ಅತ್ತೆಯ ಅಕ್ಕ ಸುಮ್ಮನೆ ಕೂರುವವಳಲ್ಲ. ಮದುವೆ ಮನೆ ಅಂತ ಅಡುಗೆಮನೆಗೂ ಸುಣ್ಣ ಬಳಿಸಿಬಿಟ್ಟಳು.

ಅತ್ತೆ ಬಂದು ಬಾಗಿಲಲ್ಲೇ ನಿಂತಳು. ಗೋಡೆ ಹಾಲಿನ ಹಾಗೆ ಬೆಳ್ಳಗಿತ್ತು.

"ಹೆಂಗ ಕಾಣತೈತಿ ನೋಡು" ಅಂದಳು ಅಕ್ಕ. "ಗ್ವಾಡಿ ತುಂಬ ಇದ್ದಿಲ ಬಳದಿದ್ದಿ. ಬೀಗರು ನೋಡಿದ್ರ ಹುಚ್ಚರ ಮನಿ ಅಂತಿದ್ರು."

ಅತ್ತೆ ಗೋಡೆಯ ಮೇಲೆ ಕೈಯಾಡಿಸಿ ಗೆರೆ ಹುಡುಕಿದಳು. ಮಧ್ಯಾಹ್ನ ಲಾರಿ ಸವಣೂರಿನಿಂದ ಬಂದಾಗ ಅಂಗಳಕ್ಕೆ ಹೋಗಿ ಮಗನನ್ನೂ ಡ್ರೈವರನನ್ನೂ ನಿಲ್ಲಿಸಿ ಕೇಳಿದಳು. "ಬ್ರೇಕಿನ ಲೈನರ್ ಯಾವಾಗ ಹಾಕಿದ್ದು?"

"ಸುಗ್ಗ್ಯಾಗ" ಅಂದ ನನ್ನ ಗಂಡ.

"ಅದಕ್ಕಿಂತ ಮುಂಚೆ ಅನಸ್ತದರಿ, ಅಕ್ಕಾರ" ಅಂದ ಡ್ರೈವರ್. "ಬ್ರೇಕೇನೋ ಹಿಡಿತಾವರಿ."

"ಗಾಲಿ ಬಿಚ್ಚಿ ನೋಡ್ತೀಯೇನು?"

"ಬಿಚ್ಚಿ ಹಾಕೂದ್ರಾಗ ನಾಳಿ ಮಧ್ಯಾಹ್ನ ಆಗ್ತದರಿ."

ಮುಹೂರ್ತ ಮರುದಿನ ಬೆಳಿಗ್ಗೆ. ಅತ್ತೆ ಸೆರಗು ಸಿಕ್ಕಿಸಿಕೊಂಡಳು. "ಲಾರಿ ಹೋಗೂದಿಲ್ಲ. ಚಕ್ಕಡಿ ಹೂಡ್ರಿ."

ನಾದಿನಿ ಅತ್ತಳು. "ಮುಹೂರ್ತ ತಪ್ಪಿದ್ರ ನನ್ನ ಬಾಳೇದ ಗತಿ ಏನವ್ವ?" ನನ್ನ ಗಂಡ ಕೂಗಾಡಿದ. "ತುಂಬಿದ ಚೀಲ ಹೊತ್ತು ಈಗ ಬಂದೈತಿ, ಕಣ್ಣು ಕಾಣ್ಸೂದಿಲ್ಲೇನು?"

"ಚೀಲಕ್ಕ ಜೀವ ಇಲ್ಲ" ಅಂದಳು. "ಕೆರಿ ಏರಿ ಮ್ಯಾಲ ತಿರುವೈತಿ. ಇಷ್ಟು ಮಂದಿ ಹೇರಿಕೊಂಡು ಅನಸ್ತದ ಅನ್ನೂ ಬ್ರೇಕಿನ ಮ್ಯಾಲ ನಾ ಕಳಸಾಂಗಿಲ್ಲ."

ಊರವರ ಚಕ್ಕಡಿ ಬೇಡಿ ತಂದು ಹೂಡುವಷ್ಟರಲ್ಲಿ ನಡುರಾತ್ರಿ ಆಗಿತ್ತು. ಚಿಕ್ಕೇರೂರು ಮುಟ್ಟಿದಾಗ ಹೊತ್ತು ಏರಿತ್ತು, ಮುಹೂರ್ತ ಮೀರಿತ್ತು. ಬೀಗರು ಹಂದರದಲ್ಲಿ ಮುಖ ತಿರುವಿ ಕೂತಿದ್ದರು. ಅವರಲ್ಲಿ ಹಿರಿಯಳೊಬ್ಬಳು, "ಅಂಗಳದಾಗ ಲಾರಿ ಇಟಕೊಂಡು ಎತ್ತಿನ ಬಾಲಾ ಹಿಡಕೊಂಡು ಬಂದೀರಲ್ಲ" ಅಂದಳು.

"ಎಲ್ಲಾರೂ ಬಂದೇವಿ. ಎಣಿಸಿ ತಗೋರಿ" ಅಂದಳು ಅತ್ತೆ.

ಐನೋರು ಸಂಜೆಗೆ ಇನ್ನೊಂದು ಮುಹೂರ್ತ ಹುಡುಕಿದರು. ಮದುವೆ ಆಯಿತು. ನಾದಿನಿ ಆ ಎತ್ತಿನ ಬಾಲದ ಮಾತನ್ನು ಗಂಡನ ಮನೆಯಲ್ಲಿ ಬಹಳ ವರ್ಷ ಕೇಳಬೇಕಾಯಿತು, ಅದೂ ನಿಜ.

ತಿರುಗಿ ಬಂದ ಮೇಲೆ ಗಾಲಿ ಬಿಚ್ಚಿದರು. ಲೈನರ್ ಚೆನ್ನಾಗಿತ್ತು, ಸವೆದೇ ಇರಲಿಲ್ಲ. ನನ್ನ ಗಂಡ ಅದನ್ನು ತಂದು ಒಲೆಯ ಮುಂದೆ ಹಿಡಿದ. "ನೋಡವ್ವ. ಸುಮ್ಮನ ಮರ್ಯಾದಿ ಕಳದಿ."

"ಈಗ ಗೊತ್ತಾತು" ಅಂದು ಒಲೆಯಿಂದ ಇದ್ದಿಲು ತೆಗೆದು ಬಿಳಿ ಗೋಡೆಯ ಮೇಲೆ ಒಂದು ಅಡ್ಡಗೆರೆ ಎಳೆದಳು. ನಾಚಿಕೆಯೂ ಇಲ್ಲ, ಸಮಾಧಾನವೂ ಇಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

"ನೀ ತವರಿಗೆ ಹೋಗಿಬಂದು ಎಷ್ಟು ದಿನ ಆತು?"

ಹೊಲ, ಮದುವೆ ಅಂತ ನನಗೂ ಲೆಕ್ಕ ತಪ್ಪಿತ್ತು. "ನೆನಪಿಲ್ರಿ ಅತ್ತಿ."

"ಹಂಗಾರ ನಾಳಿ ಹೋಗು."

ಓರಗೆಯ ಹೆಣ್ಣುಮಕ್ಕಳು ತವರಿಗೆ ಕಳಿಸಿರೆಂದು ವರ್ಷಗಟ್ಟಲೆ ತಂತಮ್ಮ ಅತ್ತೆಯ ಕಾಲು ಹಿಡಿಯುತ್ತಿದ್ದ ಕಾಲ ಅದು. ನಾನು ಒಮ್ಮೆಯೂ ಕೇಳಬೇಕಾಗಲಿಲ್ಲ, ಸರತಿ ಬಂದಾಗ ಆಕೆಯೇ ಕಳಿಸುತ್ತಿದ್ದಳು. ಮೂರನೆಯ ಸಾಲು ಏನೆಂದು ನನಗೆ ಅವತ್ತು ತಿಳಿಯಿತು.

ಕೆಲವು ವರ್ಷಗಳ ಮೇಲೆ ಆಕೆ ಹಾಸಿಗೆ ಹಿಡಿದಳು. ತವರಿಗೆ ಹೋಗುವ ನನ್ನ ಸರತಿ ಬಂತು. ಹೋಗುವುದಿಲ್ಲ ಅಂದೆ. "ನಿಮಗ ಆರಾಮಿಲ್ಲಲ್ರಿ."

"ನನಗ ಆರಾಮಿಲ್ಲಂದ್ರ ಗ್ವಾಡಿಗೇನು? ನಡಿ."

ಹೋದೆ. ಶಿಗ್ಗಾಂವಿಗೆ ಸುದ್ದಿ ಬಂತು. ನಾನು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಅಡುಗೆಮನೆಗೆ ಹೋಗಿ ಗೋಡೆ ನೋಡಿದೆ. ನಾನು ಹೋದ ದಿನದ ಓರೆಗೆರೆ ಸಾಲು ಬಿಟ್ಟು ಬಹಳ ಕೆಳಗಿತ್ತು. ತೆವಳಿಕೊಂಡು ಬಂದು ಕೂತೇ ಎಳೆದಿರಬೇಕು.

ಇದ್ದಿಲು ತೆಗೆದುಕೊಂಡು ಅದರ ಮೇಲೆ ಇನ್ನೊಂದು ಗೆರೆ ಎಳೆದೆ. ಆಮೇಲೆ ಲಾರಿಯ ಸಾಲು ನೋಡಿದೆ. ಎಣ್ಣೆಯ ಚುಕ್ಕೆ ಬಿದ್ದು ಬಹಳ ದಿನ ಆಗಿತ್ತು. ಡ್ರೈವರ್ ಅಂಗಳದಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ. ಹೋಗಿ ಅಂದೆ: "ಎಣ್ಣಿ ಬದಲಸ್ರಿ, ಚಾಚಾ. ಹಳೇದು ತಂದು ನನಗ ತೋರಸ್ರಿ."